ಮಂಗಳೂರಿನಿಂದ ಅರ್ಧ ದಿನದಲ್ಲಿ ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ, ಮಲ್ಪೆ: ಮಾರ್ಗದರ್ಶಿಯ ಜೊತೆ ಹೋಗಬಹುದೇ?

ಪ್ರಶ್ನೆ: ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ಸಂಬಂಧಿಕರ ಮನೆಯ ಮದುವೆಗೆಂದು ನಾವು ನಾಲ್ವರು, ಅಂದರೆ ನಾನು, ನಮ್ಮ ಯಜಮಾನರು, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಮತ್ತು 72 ವರ್ಷದ ನಮ್ಮ ಅತ್ತೆಯವರು, ಮಂಗಳೂರಿಗೆ ಹೋಗುವವರಿದ್ದೇವೆ. ಮದುವೆಯ ಮರುದಿನ ರಾತ್ರಿ ಹತ್ತೂವರೆಯ ಬಸ್ಸಿಗೆ ಮೈಸೂರಿಗೆ ಹಿಂದಿರುಗಬೇಕು. ಹಾಗಾಗಿ ನಮಗೆ ಉಳಿಯುವುದು ಒಂದೇ ಹಗಲು, ಅದರಲ್ಲೂ ಅರ್ಧ ಹೊತ್ತು ನೆಂಟರ ಮನೆಯ ಊಟೋಪಚಾರಕ್ಕೆ ಮೀಸಲು.

ಅಲ್ಲಿಯ ಪ್ರವಾಸ ಸಂಸ್ಥೆಯೊಂದು ಹದಿನೈದು ಜನರ ಟೆಂಪೋ ಟ್ರಾವೆಲರ್‌ನಲ್ಲಿ ಮಾರ್ಗದರ್ಶಿಯ ಸಮೇತ ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ ಮತ್ತು ಮಲ್ಪೆಗಳನ್ನು 6 ಗಂಟೆಗಳಲ್ಲಿ ತೋರಿಸುತ್ತೇವೆ ಎನ್ನುತ್ತಿದೆ. ಬೆಳಗಿನ ಸರದಿ ಏಳಕ್ಕೆ ಹೊರಟು ಒಂದು ಗಂಟೆಗೆ ಮುಗಿಯುತ್ತದೆ; ಮಧ್ಯಾಹ್ನದ ಸರದಿ ಒಂದೂವರೆಗೆ ಹೊರಟು ಏಳೂವರೆಗೆ ಮುಗಿಯುತ್ತದೆ. ಇದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಇಷ್ಟು ಊರುಗಳನ್ನು ಅರ್ಧ ದಿನದಲ್ಲಿ ನೋಡಿದರೆ ನೋಡಿದಂತಾಗುತ್ತದೆಯೇ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಿ. ಅತ್ತೆಯವರಿಗೆ ಮಂಡಿನೋವಿದೆ, ಸಮತಟ್ಟಾದ ಕಡೆ ನಿಧಾನವಾಗಿ ನಡೆಯುತ್ತಾರೆ, ಮರಳಿನ ಮೇಲೆ ಆಗುವುದಿಲ್ಲ. ಅವರಿಗೆ ಉಡುಪಿಯ ಕೃಷ್ಣನ ದರ್ಶನವಾಗಬೇಕು, ಉಡುಪಿ ಮಲ್ಲಿಗೆಯನ್ನು ಒಮ್ಮೆ ಮುಡಿಯಬೇಕು. ಮಿಕ್ಕದ್ದು ಹೇಗಾದರೂ ಸರಿ ಎನ್ನುತ್ತಾರೆ.


ಉತ್ತರ 1: ಸರಸ್ವತಿಪುರಂ, ಮೈಸೂರು

ನಾವು ಕಳೆದ ಜನವರಿಯಲ್ಲಿ ಬೇರೊಂದು ಸಂಸ್ಥೆಯ ಮೂಲಕ ಇದೇ ಊರುಗಳನ್ನು ಬೆಳಗಿನ ಸರದಿಯಲ್ಲಿ ನೋಡಿ ಬಂದೆವು. ಮೊದಲು ಲೆಕ್ಕವನ್ನು ಹೇಳಿಬಿಡುತ್ತೇನೆ. ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹತ್ತಿರ ಹತ್ತಿರ 60 ಕಿಲೋಮೀಟರ್, ಅಲ್ಲಿಂದ ಮಲ್ಪೆಗೆ ಇನ್ನು 6. ಹೋಗಿ ಬರಲು ಸುಮಾರು 130 ಎಂದಿಟ್ಟುಕೊಳ್ಳಿ. ಕೂಳೂರು, ಸುರತ್ಕಲ್ ದಾಟುವ ಹೊತ್ತಿಗೇ ಸಾಕಷ್ಟು ಸಮಯ ಕಳೆದಿರುತ್ತದೆ. ಒಟ್ಟಿನಲ್ಲಿ ಮೂರೂವರೆ ಗಂಟೆ ಗಾಡಿಯಲ್ಲೇ ಕುಳಿತಿರುತ್ತೀರಿ. ಉಳಿದ ಎರಡೂವರೆ ಗಂಟೆಯನ್ನು ಐದು ಊರುಗಳಿಗೆ ಹಂಚಿದರೆ ಒಂದೊಂದಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೂ ಹದಿನೈದು ಜನ ಇಳಿದು, ಚಪ್ಪಲಿ ಬಿಟ್ಟು, ಫೋಟೊ ತೆಗೆಸಿಕೊಂಡು, ಕೊನೆಗೆ ಕಾಣೆಯಾದ ಒಬ್ಬರನ್ನು ಹುಡುಕುವಷ್ಟರಲ್ಲಿ ಹತ್ತು ನಿಮಿಷ ಹೋಗಿಯೇ ಹೋಗುತ್ತದೆ.

ನಮ್ಮ ಪ್ರವಾಸದಲ್ಲಿ ಇದರ ಜೊತೆಗೆ ಪಟ್ಟಿಯಲ್ಲಿ ಇಲ್ಲದ ಆರನೆಯ ನಿಲುಗಡೆಯೊಂದಿತ್ತು. ದಾರಿಯಲ್ಲಿ ಗೋಡಂಬಿ ಮತ್ತು ಹಲ್ವದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಪೂರಾ 40 ನಿಮಿಷ ಬಿಟ್ಟರು. ಕೃಷ್ಣಮಠಕ್ಕೆ ಕೊಟ್ಟದ್ದು 25 ನಿಮಿಷ. ಸರತಿಯ ಸಾಲು ಉದ್ದವಿದ್ದುದರಿಂದ ನಮ್ಮಲ್ಲಿ ಹೆಚ್ಚಿನವರು ಹೊರಗಿನಿಂದಲೇ ಕನಕನ ಕಿಂಡಿಯಲ್ಲಿ ಇಣುಕಿ, ಕೈಮುಗಿದು, ಓಡುತ್ತಾ ಗಾಡಿ ಹತ್ತಿದೆವು. ಕಾಪುವಿನಲ್ಲಿ ದೀಪಸ್ತಂಭ ಹತ್ತಲು ಸಂಜೆ ಹೊತ್ತು ಮಾತ್ರ ಬಿಡುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಅದರ ಬೀಗ ಹಾಕಿದ ಗೇಟಿನ ಮುಂದೆ ನಿಂತಾಗ. ಹಣ ಕಟ್ಟಿಸಿಕೊಳ್ಳುವಾಗ ಇದನ್ನು ಯಾರೂ ಹೇಳಿರಲಿಲ್ಲ.

ಆದರೂ ಮಾರ್ಗದರ್ಶಿ ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಅದಕ್ಕೆ ಮೂಲ್ಕಿಯೇ ಕಾರಣ. ಹೆದ್ದಾರಿಯ ಪಕ್ಕದಲ್ಲೇ, ಶಾಂಭವಿ ನದಿಯ ದಡದಲ್ಲಿರುವ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ನಾವಾಗಿಯೇ ಹೋಗಿದ್ದರೆ ಇನ್ನೊಂದು ಗುಡಿ ಎಂದು ನೋಡಿ ಬರುತ್ತಿದ್ದೆವು. ನಮ್ಮ ಜೊತೆಗಿದ್ದ ಹುಡುಗ ಎಲ್ಲರನ್ನೂ ಅಲ್ಲಿಯ ದೊಡ್ಡ ಡೋಲಿನ ಮುಂದೆ ನಿಲ್ಲಿಸಿ, ಈ ಊರಿಗೆ ಹೆಸರು ಬಂದದ್ದೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನಿಂದ ಎಂಬ ಐತಿಹ್ಯವನ್ನು ಹೇಳಿದ. ನದಿಯಲ್ಲಿ ಬರುತ್ತಿದ್ದ ಆತನ ದೋಣಿ ತಡೆದು ನಿಂತಿತಂತೆ, ಕನಸಿನಲ್ಲಿ ದೇವಿ ಕಾಣಿಸಿಕೊಂಡಳಂತೆ, ಆತನೇ ಮುಂದೆ ನಿಂತು ಗುಡಿ ಕಟ್ಟಿಸಿದನಂತೆ. ಜಾತ್ರೆಯಲ್ಲಿ ಇಂದಿಗೂ ಆ ಮನೆತನದವರಿಗೆ ಪ್ರಸಾದದ ಗೌರವ ಸಲ್ಲುತ್ತದೆ. ಪೊಳಲಿ ಜಾತ್ರೆಯ ಚೆಂಡಾಟ ಎಷ್ಟು ಪ್ರಸಿದ್ಧವೋ ಬಪ್ಪನಾಡಿನ ಡೋಲೂ ಅಷ್ಟೇ ಪ್ರಸಿದ್ಧ ಎಂದೂ ಅವನೇ ಹೇಳಿದ್ದು. ಗೋಡಂಬಿ ಅಂಗಡಿಯ ಸಿಟ್ಟೆಲ್ಲ ಅಲ್ಲಿ ಅರ್ಧ ಇಳಿದಿತ್ತು.


ಉತ್ತರ 2: ಶ್ರೀರಂಗಪಟ್ಟಣ, ಮಂಡ್ಯ ಜಿಲ್ಲೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಂಗಳೂರಿನಿಂದ ಉಡುಪಿಗೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತಿರುವಾಗ ಪ್ರವಾಸ ಸಂಸ್ಥೆಗೆ ಏಕೆ ದುಡ್ಡು ಸುರಿಯಬೇಕು? ಉಡುಪಿ ಒಂದನ್ನೇ ಸಮಾಧಾನವಾಗಿ ನೋಡಿ ಬನ್ನಿ.

ಅಷ್ಟು ದೂರವೂ ಬೇಡವೆಂದಾದರೆ ಮಂಗಳೂರಿನಲ್ಲೇ ಉಳಿಯಿರಿ. ನಮ್ಮ ಕಡೆಯವರಿಗೆ ಆ ಊರು ಪರಕೀಯವಲ್ಲ. ಹೈದರಾಲಿಯ ಕಾಲದಿಂದ 1799ರವರೆಗೆ ಅದು ಮೈಸೂರು ರಾಜ್ಯದ ಬಂದರು. 1784ರ ಮಾರ್ಚ್ 11ರಂದು ಟಿಪ್ಪು ಮತ್ತು ಇಂಗ್ಲಿಷರ ನಡುವೆ ಒಪ್ಪಂದವಾದದ್ದು ಅಲ್ಲಿಯೇ. ಬೋಳೂರಿನ ಸುಲ್ತಾನ್ ಬತ್ತೇರಿಯ ಕರಿಕಲ್ಲಿನ ಕಾವಲುಗೋಪುರದ ಮೇಲೆ ನಿಂತರೆ ಕೆಳಗೆ ಗುರುಪುರ ನದಿ, ಆಚೆ ತಣ್ಣೀರುಬಾವಿ. ಇಲ್ಲಿಯ ಕೋಟೆಯನ್ನು ದಿನವೂ ನೋಡುವ ನನಗೆ ಆ ಕಲ್ಲು ಕಂಡಾಗ ಊರಿನವರೇ ಸಿಕ್ಕಂತಾಯಿತು. ಅಲ್ಲಿಂದ ನೇತ್ರಾವತಿಯ ಸೇತುವೆ ದಾಟಿದರೆ ರಾಣಿ ಅಬ್ಬಕ್ಕನ ಉಳ್ಳಾಲ, ಅದರ ಪಕ್ಕದಲ್ಲೇ ಸೋಮೇಶ್ವರದ ಕಡಲ ತೀರ. ಆಟೋದಲ್ಲಿಯೂ ಮುಗಿಯುವ ಪ್ರವಾಸ ಇದು.


ಉತ್ತರ 3: ವಿಜಯನಗರ, ಮೈಸೂರು (ಹುಟ್ಟೂರು ಪಡುಬಿದ್ರಿಯ ಬಳಿ)

ಶ್ರೀರಂಗಪಟ್ಟಣದವರ ಮಾತಿನಲ್ಲಿ ಹುರುಳಿದೆ, ಆದರೆ ಅತ್ತೆಯವರಿಗೆ ಬೇಕಾಗಿರುವುದು ಕೃಷ್ಣನ ದರ್ಶನ. ಅದನ್ನು ಬಿಟ್ಟು ಬತ್ತೇರಿ ತೋರಿಸಿದರೆ ಮನೆಯಲ್ಲಿ ಉತ್ತರ ಹೇಳಬೇಕಾದವರು ಪ್ರಶ್ನೆ ಕೇಳಿದವರೇ. ಮಂಡಿನೋವಿರುವವರನ್ನು ನಮ್ಮೂರಿನ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಹತ್ತಿಸಬೇಡಿ ಎಂಬುದು ನನ್ನ ಕೋರಿಕೆ. ನಿರ್ವಾಹಕರು ಶಿಳ್ಳೆ ಹಾಕುವ ಮೊದಲೇ ಬಸ್ಸು ಹೊರಟಿರುತ್ತದೆ.

ನೀವು ಮಧ್ಯಾಹ್ನದ ಸರದಿಯನ್ನೇ ಆರಿಸಿಕೊಳ್ಳಿ. ಆದರೆ ಊರುಗಳ ಅನುಕ್ರಮವನ್ನು ತಿರುಗಿಸಬೇಕು. ಸಂಸ್ಥೆಯವರು ಮಂಗಳೂರಿಗೆ ಹತ್ತಿರವಿರುವುದರಿಂದ ಶುರುಮಾಡಿ ಮಲ್ಪೆಯಲ್ಲಿ ಮುಗಿಸುತ್ತಾರೆ. ಹಾಗೆ ಮಾಡಿದರೆ ಒಂದೂವರೆಗೆ ಹೊರಟ ಗಾಡಿ ಮೂಲ್ಕಿ ತಲುಪುವುದು ಎರಡು ಗಂಟೆ ದಾಟಿದ ಮೇಲೆ. ಮಧ್ಯಾಹ್ನದ ಮಹಾಪೂಜೆಯ ನಂತರ ಬಾಗಿಲು ಹಾಕುವುದು ನಮ್ಮ ಕಡೆಯ ಬಹುಪಾಲು ದೇವಸ್ಥಾನಗಳ ಕ್ರಮವಾದ್ದರಿಂದ ಆ ಹೊತ್ತಿನಲ್ಲಿ ದೇವಿಯ ದರ್ಶನ ಕಷ್ಟ. ಮುಂದೆ ಸುಡು ಬಿಸಿಲಿನಲ್ಲಿ ಪಡುಬಿದ್ರಿ ಮತ್ತು ಕಾಪು. ಸೂರ್ಯ ಮುಳುಗುವ ಹೊತ್ತಿಗೆ ಉಡುಪಿಯ ಜನಸಂದಣಿ. ಡಿಸೆಂಬರ್ ಎಂದು ಸ್ವೆಟರ್ ಕಟ್ಟಿಕೊಂಡು ಹೋಗಬೇಡಿ. ಮೈಸೂರು ಸಮುದ್ರ ಮಟ್ಟದಿಂದ 750 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಲ್ಲಿ ನಿಮ್ಮ ಕಾಲ ಬುಡದಲ್ಲೇ ಸಮುದ್ರ. ಆ ಬೆವರಿಗೆ ತೆಳುವಾದ ಹತ್ತಿಯ ಸೀರೆಯೇ ಸರಿ.

ಅದರ ಬದಲು ಎಲ್ಲೂ ನಿಲ್ಲದೆ ನೇರವಾಗಿ ಮಲ್ಪೆಗೆ ಹೋಗಿ. ಮಲ್ಪೆಯನ್ನು ಮೊದಲು, ಉಡುಪಿಯನ್ನು ಆಮೇಲೆ ನೋಡಬೇಕು ಎನ್ನಲು ಸಮಯಕ್ಕಿಂತ ದೊಡ್ಡ ಕಾರಣವಿದೆ. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಾಗ ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರು ಎಂಬುದು ಸಂಪ್ರದಾಯದ ಕಥೆ. ನಾವಿಕ ಏನು ಬೇಕೆಂದು ಕೇಳಿದಾಗ ಆಚಾರ್ಯರು ಕೇಳಿದ್ದು ಹಡಗಿನ ಭಾರ ಸರಿದೂಗಿಸಲು ಇಟ್ಟಿದ್ದ ಗೋಪೀಚಂದನದ ಗಡ್ಡೆಗಳನ್ನು. ಅವುಗಳೊಳಗೆ ದೊರೆತ ಬಲರಾಮನನ್ನು ಮಲ್ಪೆಯ ಪಕ್ಕದ ವಡಭಾಂಡೇಶ್ವರದಲ್ಲಿ ನಿಲ್ಲಿಸಿ, ಕೃಷ್ಣನನ್ನು ಉಡುಪಿಗೆ ತಂದರು. ಅಣ್ಣನ ಗುಡಿಗೆ ಹೋಗಿ, ಆ ಕಡಲನ್ನು ಕಣ್ಣಾರೆ ಕಂಡು, ಆಮೇಲೆ 6 ಕಿಲೋಮೀಟರ್ ಒಳಗೆ ಬಂದು ತಮ್ಮನ ಮುಂದೆ ನಿಂತರೆ ಮಾರ್ಗದರ್ಶಿ ಹೆಚ್ಚು ಹೇಳುವ ಅಗತ್ಯವೇ ಬೀಳುವುದಿಲ್ಲ. ಮಲ್ಪೆಯ ದಂಡೆಯಲ್ಲಿ ರಸ್ತೆ ಕಡಲಿನ ಪಕ್ಕದಲ್ಲೇ ಇರುವುದರಿಂದ ಅತ್ತೆಯವರು ಮರಳಿಗೆ ಇಳಿಯದೆಯೂ ಸಮುದ್ರವನ್ನು ನೋಡಬಹುದು.

ಅಲ್ಲಿಂದ ಕಾಣುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಎಂದು ನಿಮ್ಮ ಮಗಳು ಹಟ ಹಿಡಿಯಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಸೀಳಿ, ಆರು ಮುಖದ ಕಂಬಗಳಾಗಿ ನಿಂತಿರುವ ಜಾಗ ಅದು. ಹತ್ತನೆಯ ತರಗತಿಯವರು ನೋಡಲೇಬೇಕಾದದ್ದು. ಆದರೆ ದೋಣಿಗೆ ಕಾದು, ಹೋಗಿ, ನೋಡಿ ಬರುವುದರಲ್ಲೇ ನಿಮ್ಮ ಅರ್ಧ ದಿನದ ಬಹುಭಾಗ ಮುಗಿದುಹೋಗುತ್ತದೆ. ಈ ಸಲಕ್ಕೆ ದಡದಿಂದಲೇ ತೋರಿಸಿ.

ಉಡುಪಿಯಲ್ಲಿ ಒಂದೂಕಾಲು ಗಂಟೆಗೆ ಕಡಿಮೆಯಾಗದಂತೆ ನೋಡಿಕೊಳ್ಳಿ. ರಾಜಾಂಗಣದ ಬಳಿ ಗಾಡಿ ನಿಲ್ಲಿಸಿದರೆ ನಡೆಯುವ ದೂರ ಕಡಿಮೆ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಒಳಗೆ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯಿಂದ ದರ್ಶನ. ಸಾಲಿನಲ್ಲಿ ಹಿಂದಿನವರು ಎಷ್ಟೇ ತಳ್ಳಿದರೂ ಅತ್ತೆಯವರು ಒಂದು ಕ್ಷಣ ಬಗ್ಗಿ ನಿಂತು ನೋಡಲಿ, ದೀಪದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವ ತನಕ ಕೃಷ್ಣನ ಕೈಯ ಕಡೆಗೋಲು ಕಾಣುವುದಿಲ್ಲ.

ಐದು ಗಂಟೆಗೆ ಅಲ್ಲಿಂದ ಹೊರಟರೆ ದಕ್ಷಿಣಕ್ಕೆ 13 ಕಿಲೋಮೀಟರ್ ದೂರದ ಕಾಪು ತಲುಪಲು ಅರ್ಧ ಗಂಟೆ ಸಾಕು. ಅದು ಹೇಗೂ ನಿಮ್ಮ ಹಿಂದಿರುಗುವ ದಾರಿ. ಬಂಡೆಯ ಮೇಲೆ ನಿಂತಿರುವ ಅಲ್ಲಿಯ ದೀಪಸ್ತಂಭ 1901ರದ್ದು, ಎತ್ತರ ಸುಮಾರು 27 ಮೀಟರ್. ಮಗಳು ಮತ್ತು ಯಜಮಾನರು ಹತ್ತಿ ಬರಲಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ. ಕೆಳಗೆ ಕುಳಿತು ಬಿಸಿ ಗೋಳಿಬಜೆ ತಿನ್ನುತ್ತಾ ನೋಡಿದರೂ ಅದೇ ಸೂರ್ಯ.

ಇನ್ನು ನನ್ನ ಹುಟ್ಟೂರಿನ ಮಾತು. ಪಡುಬಿದ್ರಿಯ ಎಂಡ್ ಪಾಯಿಂಟ್ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ; ಆ ವರ್ಷ ನಮ್ಮ ರಾಜ್ಯದಲ್ಲಿ ಅದು ದೊರೆತದ್ದು ಹೊನ್ನಾವರದ ಕಾಸರಕೋಡಿಗೆ ಮತ್ತು ಇದಕ್ಕೆ ಮಾತ್ರ. ಹೇಳಿಕೊಳ್ಳಲು ನನಗೂ ಹೆಮ್ಮೆ. ಆದರೂ ನಿಮ್ಮ ಪಟ್ಟಿಯಿಂದ ಒಂದು ಊರನ್ನು ತೆಗೆಯಬೇಕಾದರೆ ಅದನ್ನೇ ತೆಗೆಯಿರಿ. ಮರಳಿನಲ್ಲಿ ನಡೆಯಲಾಗದವರಿಗೆ ಅಲ್ಲಿ ಕೆಲಸವಿಲ್ಲ. ಉಳಿದ ಸಮಯವನ್ನು ಮೂಲ್ಕಿಗೆ ಕೊಡಿ. ಏಳರ ಹೊತ್ತಿಗೆ ಬಪ್ಪನಾಡಿನಲ್ಲಿ ದೀಪ ಹಚ್ಚಿರುತ್ತಾರೆ, ಬಾಗಿಲೂ ತೆರೆದಿರುತ್ತದೆ. ಹೀಗೆ ಮಾಡಿದರೆ ಮಂಗಳೂರು ತಲುಪುವಾಗ ಎಂಟು ದಾಟುತ್ತದೆ, ಆದರೆ ಹತ್ತೂವರೆಯ ಬಸ್ಸಿಗೆ ತೊಂದರೆಯಿಲ್ಲ.

ಹದಿನೈದು ಜನರ ಪ್ರವಾಸದಲ್ಲಿ ನಿಮ್ಮೊಬ್ಬರಿಗಾಗಿ ದಾರಿಯನ್ನು ತಿರುಗಿಸುವುದಿಲ್ಲ. ಆದ್ದರಿಂದ ಅದೇ ಸಂಸ್ಥೆಯವರನ್ನು ಪ್ರತ್ಯೇಕ ಕಾರು ಮತ್ತು ಮಾರ್ಗದರ್ಶಿಗೆ ಎಷ್ಟಾಗುತ್ತದೆ ಎಂದು ಕೇಳಿ; ಮದುವೆಗೆ ಬಂದ ಇನ್ನಿಬ್ಬರು ನೆಂಟರು ಸೇರಿಕೊಂಡರೆ ತಲೆಗೆ ಬೀಳುವ ಹಣ ಅಷ್ಟೇನೂ ಹೆಚ್ಚಾಗಲಾರದು. ಮಾರ್ಗದರ್ಶಿ ಕನ್ನಡದಲ್ಲೇ ಮಾತನಾಡುವವರಾಗಬೇಕೆಂದು ಮೊದಲೇ ಹೇಳಿ. ಗುಂಪಿನಲ್ಲಿ ಹೊರರಾಜ್ಯದವರು ಇಬ್ಬರಿದ್ದರೂ ವಿವರಣೆಯೆಲ್ಲ ಹಿಂದಿಗೆ ಹೊರಳಿಬಿಡುತ್ತದೆ, ನಿಮ್ಮ ಅತ್ತೆಯವರು ಕಿಟಕಿ ನೋಡುತ್ತಾ ಕೂರಬೇಕಾಗುತ್ತದೆ. ಅಂಗಡಿಗಳ ಮುಂದೆ ನಿಲ್ಲಿಸುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ, ವಾಟ್ಸಾಪಿನಲ್ಲಾದರೂ ಸರಿ, ಹೇಳಿಸಿಕೊಳ್ಳಿ.


ಪ್ರಶ್ನೆ ಕೇಳಿದವರು: ಕುವೆಂಪುನಗರ, ಮೈಸೂರು

ಮೂವರಿಗೂ ಅನಂತ ಧನ್ಯವಾದಗಳು. ಸಂಸ್ಥೆಯವರಿಗೆ ಇಂದು ಬೆಳಿಗ್ಗೆ ಫೋನ್ ಮಾಡಿದೆ. ಊರುಗಳ ಅನುಕ್ರಮವನ್ನು ಬದಲಿಸಲಾಗದು ಎಂದರು, ಪ್ರತ್ಯೇಕ ಕಾರಿಗೆ ಮಾತ್ರ ಒಪ್ಪಿದರು. ನಮ್ಮ ನಾದಿನಿ ಮತ್ತು ಅವರ ಯಜಮಾನರೂ ಬರುವುದಾಗಿ ಹೇಳಿರುವುದರಿಂದ ಏಳು ಸೀಟಿನ ಗಾಡಿಯನ್ನೇ ಗೊತ್ತುಮಾಡಿದ್ದೇವೆ. ಮಲ್ಪೆ, ಉಡುಪಿ, ಕಾಪು, ಮೂಲ್ಕಿ ಎಂದು ತೀರ್ಮಾನವಾಗಿದೆ. ಅಂಗಡಿಯ ವಿಷಯ ಎತ್ತಿದಾಗ ಆ ಕಡೆಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ, ಆಮೇಲೆ ‘ಆಯ್ತು ಮೇಡಂ’ ಎಂದರು.

ಅತ್ತೆಯವರದು ಒಂದೇ ಪ್ರಶ್ನೆ ಉಳಿದಿದೆ. ನಮ್ಮ ಮೈಸೂರು ಮಲ್ಲಿಗೆ ಬೇಸಿಗೆಯಲ್ಲಿ ಸಿಕ್ಕಷ್ಟು ಚಳಿಗಾಲದಲ್ಲಿ ಸಿಗುವುದಿಲ್ಲ. ಉಡುಪಿ ಮಲ್ಲಿಗೆ ಡಿಸೆಂಬರಿನಲ್ಲಿ ಸಿಗುತ್ತದೆಯೇ, ಎಲ್ಲಿ ಕೊಳ್ಳಬೇಕು?


ಉತ್ತರ 3ನ್ನು ಬರೆದವರು: ವಿಜಯನಗರ, ಮೈಸೂರು

ಸಿಗುತ್ತದೆ, ಆದರೆ ಚಳಿಗೆ ಇಳುವರಿ ಇಳಿಯುವುದರಿಂದ ಬೆಲೆ ಏರಿರುತ್ತದೆ. ಈ ಮಲ್ಲಿಗೆಯ ತವರು ಕಾಪುವಿನ ಒಳಭಾಗದ ಶಂಕರಪುರ. ಅಲ್ಲಿ ದಿನದಿನವೂ ದರ ನಿಗದಿಯಾಗುತ್ತದೆ. ಹೂವನ್ನು ನಿಮ್ಮಂತೆ ಮೊಳದಲ್ಲಿ ಅಳೆಯುವುದಿಲ್ಲ, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದನ್ನು ಚೆಂಡಿನ ಲೆಕ್ಕದಲ್ಲಿ ಕೊಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆ ಕೇಳಿಬಿಟ್ಟೀರಿ, ಬೆಲೆ ಕೇಳಿ ಗಾಬರಿಯಾಗುತ್ತದೆ. ಮನೆಯ ಹೆಂಗಸರಿಗೆಲ್ಲ ಒಂದು ಚೆಂಡು ಸಾಕು. ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಅಥವಾ ಕಾಪುವಿಗೆ ಬರುವಾಗ ದಾರಿಯಲ್ಲಿ ಸಿಗುವ ಕಟಪಾಡಿಯಲ್ಲಿ ಕೊಂಡುಕೊಳ್ಳಿ. ಮೈಸೂರಿಗೂ ತರುವುದಾದರೆ ಬಾಳೆಎಲೆಯಲ್ಲೇ ಸುತ್ತಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ರಾತ್ರಿಯ ಬಸ್ಸಿನಲ್ಲಿ ಬೆವತು, ಮಡಿಕೇರಿ ದಾಟುವ ಹೊತ್ತಿಗೆ ಕಂದಿರುತ್ತದೆ.