‘ದಾವಣಗೆರೆ ದೊಡ್ಮನೆ’ ಗುಂಪು, ಭಾನುವಾರ ಬೆಳಿಗ್ಗೆ

ದೊಡ್ಡಪ್ಪ: (ವಿಡಿಯೊ) ‘ಮಕ್ಕಳು ನೋಡಿದ್ದನ್ನೇ ಮಾಡುತ್ತಾರೆ, ವಿಜ್ಞಾನವೇ ಹೇಳಿದೆ. ಇಂದೇ ಮೊಬೈಲ್ ಕಿತ್ತುಕೊಳ್ಳಿ!!’ ಎಲ್ಲರೂ ಪೂರ್ತಿ ನೋಡಿ. ಮುಖ್ಯವಾಗಿ ಚಿಂಟು ಅಮ್ಮ.

ಸುಮಾ ಅತ್ತೆ: 🙏 ನಿಜ. ನಿನ್ನೆ ಚಿಂಟು ದಿಂಬಿಗೆ ಹೇಗೆ ಗುದ್ದುತ್ತಿದ್ದ, ಅಬ್ಬಾ.

ವೀಣಾ: ದೊಡ್ಡಪ್ಪ, ವಿಡಿಯೊದಲ್ಲಿ ‘ವಿಜ್ಞಾನ’ ಅಂದಿರೋ ಪ್ರಯೋಗ ನಮಗೆ ಬಿ.ಎಡ್‌ನಲ್ಲಿ ಇತ್ತು. 1961, ಅಮೆರಿಕದ ಸ್ಟ್ಯಾನ್‌ಫರ್ಡ್, ಬಂಡೂರ ಅಂತ ಮನಶ್ಶಾಸ್ತ್ರಜ್ಞ. 72 ಮಕ್ಕಳು. ಬಿದ್ದರೂ ಎದ್ದು ನಿಲ್ಲುವ ಗಾಳಿ ಗೊಂಬೆ, ನಮ್ಮ ತಂಜಾವೂರು ಗೊಂಬೆ ಥರ. ದೊಡ್ಡವರು ಅದಕ್ಕೆ ಬಾರಿಸಿದ್ದನ್ನು ನೋಡಿದ ಮಕ್ಕಳು ತಾವೂ ಬಾರಿಸಿದರು. ಆದರೆ ಅಲ್ಲಿ ಮೊಬೈಲ್ ಎಲ್ಲಿತ್ತು? ಎದುರಿಗೇ ಇದ್ದ ಮನುಷ್ಯರನ್ನು ನೋಡಿ ಕಲಿತದ್ದು.

ದೊಡ್ಡಪ್ಪ: ಎರಡೂ ಒಂದೇ ಅಲ್ವೇನಮ್ಮ?

ವೀಣಾ: ಪರದೆ ನೋಡಿಯೂ ಕಲಿಯುತ್ತಾರೆ, 1963ರಲ್ಲಿ ಅದನ್ನೂ ಪರೀಕ್ಷಿಸಿದರು. ನನ್ನ ತಕರಾರು ‘ನೋಡಿದ್ದನ್ನೇ ಮಾಡುತ್ತಾರೆ’ ಅನ್ನುವುದಕ್ಕೆ. ಗಮನ ಬೇಕು, ನೆನಪು ಬೇಕು, ಕೈಗೆ ಬರಬೇಕು, ಮಾಡುವ ಮನಸ್ಸೂ ಬೇಕು.

ಪ್ರದೀಪ: ಹೌದು. ಹುಟ್ಟಿದಾಗಿನಿಂದ ಬೆಣ್ಣೆ ದೋಸೆ ಹುಯ್ಯುವುದನ್ನು ನೋಡುತ್ತಿದ್ದೇನೆ. ನಾನು ಹುಯ್ದರೆ ಶ್ರೀಲಂಕಾ ನಕ್ಷೆ.

ವೀಣಾ: 😄 1965ರದ್ದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಹೊಡೆದರು. ಆಮೇಲೆ ‘ಅವನು ಮಾಡಿದ್ದನ್ನು ಮಾಡಿ ತೋರಿಸಿ, ಜ್ಯೂಸು, ಸ್ಟಿಕರ್ ಕೊಡ್ತೀವಿ’ ಅಂದಾಗ ಅವರೂ ಉಳಿದವರಷ್ಟೇ ಸಲೀಸಾಗಿ ತೋರಿಸಿದರು! ಕಲಿತಾಗಿತ್ತು, ಸುಮ್ನೆ ಒಳಗಿಟ್ಟುಕೊಂಡಿದ್ದರು.

ಪ್ರದೀಪ: ಚಿಂಟುಗೆ ಜ್ಯೂಸ್ ಕೊಟ್ಟವರು ಯಾರು?

ವೀಣಾ: ಹೇಳಲಾ? ಮೊನ್ನೆ ಮ್ಯಾಚಲ್ಲಿ ಕ್ಯಾಚ್ ಬಿಟ್ಟಾಗ ದೊಡ್ಡಪ್ಪ ದಿಂಬಿಗೆ ಗುದ್ದಿ ‘ಥೂ ಇವನಜ್ಜಿ!’ ಅಂದರು. ಐದೇ ನಿಮಿಷ. ಚಿಂಟುದೂ ಅದೇ ದಿಂಬು, ಅದೇ ಗುದ್ದು, ಎಡಗೈ ಸೊಂಟದ ಮೇಲಿಟ್ಟದ್ದೂ ಅದೇ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ಇನ್ನೊಂದು ಸಲ ಮಾಡಿಸಿ ಸ್ಟೇಟಸ್‌ಗೆ ಹಾಕಿದರು.

ಸುಮಾ ಅತ್ತೆ: ಅದು ತಮಾಷೆಗೆ ಕಣೇ.

ದೊಡ್ಡಪ್ಪ: ನಮ್ಮಪ್ಪ ನಮಗೆ ಬೆತ್ತದಲ್ಲೇ ಹೊಡೆದರು. ಅದನ್ನು ನೋಡಿ ನಾವು ಯಾರಿಗೆ ಹೊಡೆದೆವು?

ಪ್ರದೀಪ: ಅಪ್ಪಾ, ನನ್ನನ್ನು ಕೇಳಿ.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ವೀಣಾ: ಮಕ್ಕಳು ಬೇಡದ್ದನ್ನೂ ಬಿಡಲ್ಲ. 2005ರಲ್ಲಿ ಬೇರೆ ಸಂಶೋಧಕರು ತಿನಿಸು ಇಟ್ಟ, ಒಳಗೆಲ್ಲ ಕಾಣುವ ಡಬ್ಬಿಯನ್ನು ಬೇಡದ ಹಂತಗಳನ್ನೂ ಸೇರಿಸಿ ತೆಗೆದು ತೋರಿಸಿ, ಚಿಂಪಾಂಜಿಗಳಿಗೂ ಮಕ್ಕಳಿಗೂ ಕೊಟ್ಟು ನೋಡಿದ್ದಾರೆ. ಚಿಂಪಾಂಜಿಗಳು ಉಪಯೋಗವಿಲ್ಲದ ಹಂತ ಬಿಟ್ಟು ಸೀದಾ ತಿನಿಸು ತೆಗೆದುಕೊಂಡವು. ಮೂರು-ನಾಲ್ಕು ವರ್ಷದ ಮಕ್ಕಳು ತೋರಿಸಿಕೊಟ್ಟವರಂತೆ ಎಲ್ಲವನ್ನೂ ಮಾಡಿದರು.

ಚಿಂಟು ಅಮ್ಮ: ಅಜ್ಜಿ ಮಂಡಕ್ಕಿ ಡಬ್ಬಿ ಮುಚ್ಚಳ ಎರಡು ಸಲ ಕುಟ್ಟಿ ತೆಗೆಯುತ್ತಾರೆ. ನಾನೂ ಹಾಗೇ. ಈಗ ಚಿಂಟೂನೂ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಅಜ್ಜಿ: (ಧ್ವನಿ ಸಂದೇಶ) ಹಳೇ ತಗಡಿನ ಡಬ್ಬಿ ಕಣ್ರೇ. ತುಕ್ಕು ಹಿಡಿದು ಮುಚ್ಚಳ ಬಿಗಿ ಆಗ್ತಿತ್ತು. ಅದನ್ನು ಗುಜರಿಗೆ ಹಾಕಿ ಹದಿನೈದು ವರ್ಷ ಆಯಿತು. ಈಗಿನದು ಪ್ಲಾಸ್ಟಿಕ್, ಮುಟ್ಟಿದರೆ ಬರುತ್ತೆ.

ದೊಡ್ಡಪ್ಪ: ಇರಲಿ. ಸಂಜೆ ಜಯದೇವ ಸರ್ಕಲ್ ಕಡೆಯಿಂದ ಮೆಣಸಿನಕಾಯಿ ತರುತ್ತೇನೆ, ಮಂಡಕ್ಕಿ ಮಾಡಿಡಿ. ಮ್ಯಾಚ್ ಇದೆ. ದಿಂಬು ಒಳಗಿಡಿ.