ಓಟಿಜಿಯಲ್ಲಿ ಹಂದಿ ಪಕ್ಕೆಲುಬು: ಹೊರಗೆ ಕಪ್ಪಾಗುತ್ತದೆ, ಒಳಗೆ ಮೆತ್ತಗಾಗುವುದಿಲ್ಲ

ಓವನ್ ಕಲಿಕೆ:

ನಮ್ಮ ಮನೆಯಲ್ಲಿ 40 ಲೀಟರಿನ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಇದೆ. ಕೇಕ್, ಬನ್, ತಂದೂರಿ ಕೋಳಿ ಎಲ್ಲವೂ ಅದರಲ್ಲಿ ತಕರಾರಿಲ್ಲದೆ ಆಗುತ್ತವೆ. ಹಂದಿಯ ಪಕ್ಕೆಲುಬು ಮಾತ್ರ ಪ್ರತಿ ಸಲವೂ ಕೈಕೊಡುತ್ತಿದೆ. ಒಂದು ಕಿಲೋ ರಿಬ್ಸ್ ತಂದು, ಶುಂಠಿ-ಬೆಳ್ಳುಳ್ಳಿ, ಕಾಳುಮೆಣಸು, ಅಚ್ಚಖಾರದ ಪುಡಿ, ಉಪ್ಪು, ಬೆಲ್ಲ ಮತ್ತು ವಿನೆಗರ್ ಸೇರಿಸಿ ಅರೆದ ಮಸಾಲೆಯನ್ನು ಸವರಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಮರುದಿನ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ ಜಾಲರಿಯ ಮೇಲೆ ಮುಚ್ಚದೆ ಇಟ್ಟು 50 ನಿಮಿಷ ಬೇಯಿಸುತ್ತೇನೆ. ಮೇಲ್ಭಾಗ ಕಪ್ಪಾಗಿ ಕಹಿಯಾಗುತ್ತದೆ. ಒಳಗಿನ ಮಾಂಸ ಎಲುಬನ್ನು ಬಿಡದೆ ಹಲ್ಲಿಗೆ ಜಗ್ಗುತ್ತದೆ. ಹೆಚ್ಚು ಬೆಂದಿರಬಹುದೆಂದು ಸಮಯವನ್ನು 35 ನಿಮಿಷಕ್ಕೆ ಇಳಿಸಿದಾಗ ಇನ್ನಷ್ಟು ಗಟ್ಟಿಯಾಯಿತು. ಅಂಗಡಿಯವರು ಕೊಡುತ್ತಿರುವುದೇ ಬಲಿತ ಹಂದಿಯೋ, ಓವನ್ನಿನ ದೋಷವೋ, ವಿಧಾನದ ದೋಷವೋ ತಿಳಿಯುತ್ತಿಲ್ಲ. ಕುಕ್ಕರಿನಲ್ಲಿ ಬೇಯಿಸಿಬಿಡು ಎಂದು ಅಮ್ಮ ಹೇಳುತ್ತಾರೆ. ಆದರೆ ಪೂರ್ತಿಯಾಗಿ ಓವನ್ನಿನಲ್ಲೇ ಆಗಬೇಕೆಂಬುದು ನನ್ನ ಆಸೆ. ಬಲ್ಲವರು ದಯವಿಟ್ಟು ತಿಳಿಸಿ.

ಮೆಣಸಿನ ಬಳ್ಳಿ:

ಸಮಯ ಇಳಿಸಿದಾಗ ಮಾಂಸ ಇನ್ನಷ್ಟು ಗಟ್ಟಿಯಾಯಿತು ಎಂದಿದ್ದೀರಲ್ಲ, ಉತ್ತರ ಅಲ್ಲಿಯೇ ಇದೆ. ಹೆಚ್ಚು ಬೆಂದದ್ದೇ ಕಾರಣವಾಗಿದ್ದರೆ ಸಮಯ ಇಳಿಸಿದಾಗ ಸ್ವಲ್ಪವಾದರೂ ಮೆತ್ತಗಾಗಬೇಕಿತ್ತು. ನಿಮ್ಮ ಪಕ್ಕೆಲುಬು ಹೊರಗೆ ಸುಟ್ಟಿದೆ, ಒಳಗೆ ಸಾಕಷ್ಟು ಬೆಂದಿಲ್ಲ. ಕೋಳಿಯ ಲೆಕ್ಕವನ್ನು ಹಂದಿಯ ಪಕ್ಕೆಗೆ ಅನ್ವಯಿಸಿದಾಗ ಹೀಗೇ ಆಗುತ್ತದೆ.

ಪಕ್ಕೆಯ ಮಾಂಸದ ಎಳೆಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ಅಂಗಾಂಶ ಹೇರಳವಾಗಿರುತ್ತದೆ. ಮಾಂಸದ ಒಳಗಿನ ಉಷ್ಣತೆ 60 ಡಿಗ್ರಿ ದಾಟುತ್ತಿದ್ದಂತೆ ಎಳೆಗಳು ಬಿಗಿದುಕೊಂಡು ನೀರನ್ನು ಹೊರಹಾಕುತ್ತವೆ, ಕೊಲಾಜೆನ್ ಕೂಡ ಕುಗ್ಗುತ್ತದೆ; ತಿನ್ನಲು ಅತ್ಯಂತ ಕಷ್ಟವಾದ ಹಂತ ಇದೇ. 70ರ ಮೇಲೆ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗತೊಡಗುತ್ತದೆ, 85 ದಾಟಿದ ಮೇಲೆ ಆ ಕೆಲಸ ಚುರುಕಾಗುತ್ತದೆ. ಕಾಲುಸೂಪು ತಣಿದಾಗ ಹೆಪ್ಪುಗಟ್ಟುವುದು ಇದೇ ಜೆಲಟಿನ್ನಿನಿಂದ. ಎಳೆಗಳು ನೀರನ್ನು ಕಳೆದುಕೊಂಡಿದ್ದರೂ ಅವುಗಳ ಸುತ್ತ ಜೆಲಟಿನ್ ಹರಡಿಕೊಳ್ಳುವುದರಿಂದ ಮಾಂಸ ಬಾಯಿಗೆ ರಸಭರಿತವೆನ್ನಿಸುತ್ತದೆ. ಆದ್ದರಿಂದ ಪಕ್ಕೆಲುಬು ಮೆತ್ತಗಾಗಬೇಕಾದರೆ ಒಳಗಿನ ಉಷ್ಣತೆ 90ರಿಂದ 95 ಡಿಗ್ರಿಗೆ ತಲುಪಬೇಕು, ಅದೂ ನಿಧಾನವಾಗಿ, ಕೊಲಾಜೆನ್ನಿಗೆ ಕರಗಲು ಕಾಲಾವಕಾಶ ಕೊಟ್ಟು ತಲುಪಬೇಕು. 200 ಡಿಗ್ರಿಯ ಒಣ ಗಾಳಿಯಲ್ಲಿ ಆ ಅವಕಾಶ ಸಿಗುವ ಮೊದಲೇ ಮೇಲ್ಮೈ ಸುಟ್ಟುಹೋಗುತ್ತದೆ. 35 ನಿಮಿಷಕ್ಕೆ ಹೊರತೆಗೆದಾಗ ನೀವು ಬಿಗಿದುಕೊಂಡ ಹಂತದಲ್ಲಿಯೇ ತೆಗೆದಿದ್ದೀರಿ.

ಹೀಗೆ ಮಾಡಿ ನೋಡಿ. ಮೊದಲು, ಪಕ್ಕೆಯನ್ನು ತುಂಡು ಮಾಡಿಸಬೇಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ಹೇಳದಿದ್ದರೆ ಸಾರಿಗೆ ಕಡಿಯುವ ಹಾಗೆ ಎಲುಬನ್ನೂ ಸೇರಿಸಿ ಕಡಿದುಬಿಡುತ್ತಾರೆ. ಸಣ್ಣ ತುಂಡುಗಳು ಬೇಗ ಒಣಗುತ್ತವೆ, ಎಲುಬಿನ ಚೂರೂ ಬಾಯಿಗೆ ಸಿಗುತ್ತದೆ. ಇಡೀ ಪಟ್ಟಿಯೇ ಬೇಕು, ಟ್ರೇಯಲ್ಲಿ ಹಿಡಿಸದಿದ್ದರೆ ಎರಡು ಭಾಗ ಸಾಕು ಎಂದು ಮೊದಲೇ ಹೇಳಿ. ಎರಡನೆಯದಾಗಿ, ಪಟ್ಟಿಯನ್ನು ಮಗುಚಿ ಎಲುಬಿನ ಬದಿಯನ್ನು ಗಮನಿಸಿ. ಅಲ್ಲಿ ಹೊಳೆಯುವ ತೆಳುವಾದ ಪೊರೆಯೊಂದಿರುತ್ತದೆ. ಅದು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಆ ಬದಿಯಿಂದ ಉಪ್ಪು-ಖಾರ ಒಳಗಿಳಿಯಲೂ ಬಿಡುವುದಿಲ್ಲ. ಮೊಂಡ ಚಾಕುವಿನ ತುದಿಯನ್ನು ಒಂದು ಎಲುಬಿನ ಮೇಲೆ ಪೊರೆಯ ಕೆಳಗೆ ತೂರಿಸಿ ಎಬ್ಬಿಸಿ, ಜಾರದಂತೆ ಟಿಶ್ಯೂ ಕಾಗದದಿಂದ ಹಿಡಿದೆಳೆದರೆ ಸುಲಿದು ಬರುತ್ತದೆ. ನಿಮ್ಮ ಪಕ್ಕೆಲುಬು ಹಲ್ಲಿಗೆ ಜಗ್ಗುವುದರಲ್ಲಿ ಈ ಪೊರೆಗೂ ಪಾಲಿರಬಹುದು.

ಒಂದು ಕಿಲೋಗೆ ಸುಮಾರು 10 ಗ್ರಾಂ ಉಪ್ಪು, ಅಂದರೆ ಎರಡು ಮಟ್ಟಸ ಚಹಾ ಚಮಚದಷ್ಟು, ಜೊತೆಗೆ ಒಣ ಮಸಾಲೆಯನ್ನು ಹಚ್ಚಿ ರಾತ್ರಿಯಿಡೀ ಇಡಿ. ಬೆಲ್ಲವನ್ನೂ ಹಸಿ ಶುಂಠಿ-ಬೆಳ್ಳುಳ್ಳಿಯ ಅರಪನ್ನೂ ಈ ಹಂತದಲ್ಲಿ ಬಿಟ್ಟುಬಿಡಿ; ಕಹಿಗೆ ಮುಖ್ಯ ಕಾರಣ ಅವೆರಡೇ. ಮರುದಿನ ಬಟರ್ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಎರಡು ಪದರವಾಗಿ ಬಿಗಿಯಾಗಿ ಸುತ್ತಿ, ಮುಚ್ಚುವ ಮುನ್ನ ಎರಡು ಚಮಚ ನೀರು ಚಿಮುಕಿಸಿ. ಉಪ್ಪು-ಹುಳಿ ತಾಗಿದರೆ ಫಾಯಿಲ್ ಸವೆದು ತೂತು ಬೀಳುತ್ತದೆ, ಬಟರ್ ಪೇಪರ್ ಅದಕ್ಕಾಗಿ. 140 ಡಿಗ್ರಿಯಲ್ಲಿ, ಬೆನ್ನಿನ ಬದಿಯ ಚಿಕ್ಕ ಪಕ್ಕೆಯಾದರೆ ಎರಡು ಗಂಟೆ, ಹೊಟ್ಟೆಯ ಬದಿಯ ಅಗಲ ಪಕ್ಕೆಯಾದರೆ ಎರಡೂವರೆಯಿಂದ ಮೂರು ಗಂಟೆ ಬೇಕಾಗುತ್ತದೆ. ಎಲುಬುಗಳ ತುದಿ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹೊರಗೆ ಕಾಣಿಸಿ, ಎರಡು ಎಲುಬುಗಳ ನಡುವೆ ಚುಚ್ಚಿದ ಕಡ್ಡಿ ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದರ್ಥ. ಗಡಿಯಾರಕ್ಕಿಂತ ಆ ಕಡ್ಡಿಯನ್ನು ನಂಬಿ.

ಕಡಲತಡಿ:

ಮೇಲಿನ ವಿವರಣೆ ಚೆನ್ನಾಗಿದೆ. ಆದರೂ ಇಷ್ಟೊಂದು ಹೊತ್ತು ವಿದ್ಯುತ್ ಉರಿಸುವ ಬದಲು ಹಸಿ ಪಪ್ಪಾಯಿಯ ಅರಪನ್ನು ಸವರಿದರೆ ಕೆಲಸ ಸುಲಭವಾಗುವುದಿಲ್ಲವೇ? ನಮ್ಮಲ್ಲಿ ಕೆಲವರು ಕಬಾಬಿಗೆ ಹಾಗೆ ಮಾಡುತ್ತಾರೆ. ಇನ್ನು ಕುಕ್ಕರಿನ ಬಗ್ಗೆ ಪ್ರಶ್ನೆ ಕೇಳಿದವರ ತಾಯಿಯವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಮಂಗಳೂರಿನಲ್ಲಿ ಬಫಾತ್‌ಗೆ ಹಂದಿಯನ್ನು ಅದರದೇ ಕೊಬ್ಬಿನಲ್ಲಿ ಬೇಯಿಸುವವರಿಗೆ ಓವನ್ನಿನ ಈ ಮೂರು ಗಂಟೆಯ ತಪಸ್ಸು ಸ್ವಲ್ಪ ಅತಿಯೆನ್ನಿಸುತ್ತದೆ.

ಮೆಣಸಿನ ಬಳ್ಳಿ:

ಪಪ್ಪಾಯಿಯ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿರುವ ಪಪೇಯಿನ್ ಕಿಣ್ವ ಮಾಂಸದ ಮೇಲ್ಮೈಯನ್ನಷ್ಟೇ ತಲುಪುತ್ತದೆ. ತೆಳುವಾಗಿ ಕೊಯ್ದ ಕಬಾಬಿನ ತುಂಡಿಗೆ ಅದು ಸಾಕು. ಪಕ್ಕೆಯಲ್ಲಿ ಹೊರಭಾಗ ಹಿಟ್ಟಿನಂತಾಗಿ ಒಳಭಾಗ ಮೊದಲಿನಂತೆಯೇ ಉಳಿಯುತ್ತದೆ. ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸುವುದರದೂ ಇದೇ ಕಥೆ: ಹುಳಿ ರುಚಿಗೆ ಬೇಕು, ಆದರೆ ಹೆಚ್ಚು ಹೊತ್ತು ತಾಗಿದರೆ ಮೇಲ್ಪದರ ತರಿತರಿಯಾಗುತ್ತದೆ. ಕೊಡಗಿನಲ್ಲಿ ಪಂದಿ ಕರಿಗೆ (ಹಂದಿ ಸಾರಿಗೆ) ಕಾಚಂಪುಳಿ ಎಂಬ ಗಟ್ಟಿ ಹುಳಿರಸವನ್ನು ಮಾಂಸ ಬೆಂದ ಮೇಲೆ, ಕೊನೆಯ ಹೊತ್ತಿಗೆ ಸೇರಿಸುವ ರೂಢಿಯಿದೆಯಲ್ಲ, ಓವನ್ನಿಗೂ ಅದೇ ಕ್ರಮ ಹೊಂದುತ್ತದೆ.

ಕುಕ್ಕರನ್ನು ನಾನು ತಳ್ಳಿಹಾಕುವುದಿಲ್ಲ. ಅದರೊಳಗೆ ಉಷ್ಣತೆ ಸುಮಾರು 120 ಡಿಗ್ರಿ ಮುಟ್ಟುವುದರಿಂದ ಕೊಲಾಜೆನ್ ಬಹುಬೇಗ ಕರಗುತ್ತದೆ; ಒತ್ತಡ ಬಂದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ, ಆಮೇಲೆ ಓವನ್ನಿನಲ್ಲಿ ಬಣ್ಣ ಬರಿಸಿದರೆ ಊಟಕ್ಕೆ ಯಾವ ಕೊರತೆಯೂ ಆಗದು. ಆದರೆ ರುಚಿಯ ಒಂದು ಪಾಲು ನೀರಿಗಿಳಿಯುತ್ತದೆ, ಐದು ನಿಮಿಷ ಹೆಚ್ಚಾದರೂ ಮಾಂಸ ಎಲುಬಿನಿಂದ ಕಳಚಿ ಕುಕ್ಕರಿನ ತಳ ಸೇರುತ್ತದೆ. ಪ್ರಶ್ನೆ ಕೇಳಿದವರು ಓವನ್ನಿನಲ್ಲೇ ಆಗಬೇಕೆಂದಿದ್ದಾರೆ, ಆದ್ದರಿಂದ ಆ ದಾರಿಯಲ್ಲೇ ಮುಂದುವರಿಯೋಣ.

ಓವನ್ ಕಲಿಕೆ:

ನೀವು ಹೇಳಿದಂತೆ ಅಗಲ ಪಕ್ಕೆಯನ್ನು ತಂದು, ಪೊರೆ ಸುಲಿದು, ಸುತ್ತಿ ಬೇಯಿಸಿದೆ. ಕಡ್ಡಿ ಸಲೀಸಾಗಿ ಇಳಿಯಿತು, ಮಾಂಸ ನಿಜಕ್ಕೂ ಮೆತ್ತಗಾಯಿತು, ತುಂಬ ಧನ್ಯವಾದಗಳು. ಆದರೆ ಹೊಸ ಸಮಸ್ಯೆಗಳು ಎದುರಾದವು. ಮೇಲ್ಮೈ ಬಿಳಿಚಿಕೊಂಡು ಹಬೆಯಲ್ಲಿ ಬೇಯಿಸಿದ ಹಾಗಿತ್ತು. ಪಟ್ಟಿಯ ಒಂದು ತುದಿ ಹೆಚ್ಚು ಬೆಂದು, ಎತ್ತುವಾಗಲೇ ಎರಡು ಎಲುಬುಗಳು ಬರಿದಾಗಿ ಕೈಗೆ ಬಂದವು. ಎಲುಬಿನ ಪಕ್ಕದ ಮಾಂಸ ನಸುಗೆಂಪಾಗಿತ್ತು. ಹಂದಿಯಲ್ಲಿ ಲಾಡಿಹುಳು ಇರುತ್ತದೆಂದು ಹೆದರಿ ಮನೆಯವರು ಆ ಭಾಗವನ್ನು ಮುಟ್ಟಲಿಲ್ಲ. ಇದು ಹಸಿಯಾಗಿ ಉಳಿದಿದೆಯೇ? ನನ್ನ ಓವನ್ನಿನ ಟೈಮರ್ 60 ನಿಮಿಷಕ್ಕೆ ನಿಲ್ಲುತ್ತದೆ, ಅದನ್ನು ಮತ್ತೆ ಮತ್ತೆ ತಿರುಗಿಸುವುದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂಬುದನ್ನೂ ತಿಳಿಸಿ.

ದೂರದ ಕನ್ನಡಿಗ:

ನಾನು ಅಮೆರಿಕದಲ್ಲಿರುವುದರಿಂದ ನಸುಗೆಂಪಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಬಣ್ಣವನ್ನು ನೋಡಿ ಬೆಂದಿದೆಯೋ ಇಲ್ಲವೋ ಎಂದು ನಿರ್ಧರಿಸಲಾಗದು. ಎಲುಬಿನೊಳಗಿನ ಮಜ್ಜೆಯ ಬಣ್ಣ ಬೇಯುವಾಗ ಹೊರಗೆ ಒಸರಿ ಪಕ್ಕದ ಮಾಂಸಕ್ಕೆ ಹತ್ತಿಕೊಳ್ಳುತ್ತದೆ. ಇಲ್ಲಿನ ಕೃಷಿ ಇಲಾಖೆ 2011ರಲ್ಲಿ ಹಂದಿಯ ಇಡೀ ತುಂಡುಗಳಿಗೆ ಗೊತ್ತುಪಡಿಸಿದ ಸುರಕ್ಷಿತ ಉಷ್ಣತೆ 63 ಡಿಗ್ರಿ ಸೆಲ್ಸಿಯಸ್, ಅಷ್ಟಾದ ಮೇಲೆ ಉರಿಯಿಂದ ತೆಗೆದು ಮೂರು ನಿಮಿಷ ಹಾಗೆಯೇ ಬಿಡಬೇಕು. ಕಡ್ಡಿ ಸಲೀಸಾಗಿ ಇಳಿಯುವಷ್ಟು ಬೆಂದ ಪಕ್ಕೆಲುಬು ಅದನ್ನು ಎಂದೋ ದಾಟಿ 90ರ ಆಸುಪಾಸಿನಲ್ಲಿರುತ್ತದೆ. ಅಷ್ಟು ಕಾವಿನಲ್ಲಿ ಲಾಡಿಹುಳುವಿನ ಮರಿಗಳು ಬದುಕಲಾರವು. ಸಂಶಯವಿದ್ದರೆ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರನ್ನು ಎಲುಬಿಗೆ ತಾಗದಂತೆ ಚುಚ್ಚಿ ನೋಡಿ. ಮನೆಯವರ ಭಯಕ್ಕೂ ಅದೇ ಉತ್ತರ.

ಎಲುಬು ಕಳಚಿ ಬರುವುದರ ಬಗ್ಗೆ ಒಂದು ಮಾತು. ಹೋಟೆಲಿನವರು ಅದನ್ನು ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತಾರೆ, ಆದರೆ ಕಾನ್ಸಾಸ್ ಸಿಟಿ ಶೈಲಿಯ ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ತೀರ್ಪುಗಾರರು ಅದನ್ನು ಅತಿಯಾಗಿ ಬೆಂದದ್ದೆಂದೇ ಎಣಿಸುತ್ತಾರೆ. ಕಚ್ಚಿದ ಜಾಗದ ಮಾಂಸ ಮಾತ್ರ ಬಿಟ್ಟುಬಂದು, ಹಲ್ಲಿನ ಗುರುತು ಉಳಿದು, ಮಿಕ್ಕದ್ದು ಎಲುಬಿನಲ್ಲೇ ಇರಬೇಕೆಂಬುದು ಅವರ ಅಳತೆ. ನನ್ನ ರುಚಿಯೂ ಅದೇ. ಕಳಚಿ ಬೀಳುವುದು ಬೇಡವೆಂದಾದರೆ 20 ನಿಮಿಷ ಮೊದಲೇ ತೆಗೆಯಿರಿ.

ಮೆಣಸಿನ ಬಳ್ಳಿ:

ಉಳಿದವಕ್ಕೆ ನನ್ನ ಉತ್ತರ. ಟೈಮರನ್ನು ತಿರುಗಿಸುವುದರಿಂದ ತೊಂದರೆಯಿಲ್ಲ; ಫಾಯಿಲಿನೊಳಗಿನ ಮಾಂಸಕ್ಕೆ ಅರ್ಧ ನಿಮಿಷದ ಅಂತರ ತಿಳಿಯುವುದೇ ಇಲ್ಲ. ಒಂದು ತುದಿ ಹೆಚ್ಚು ಬೆಂದಿರುವುದಕ್ಕೆ ಎರಡು ಕಾರಣಗಳಿರಬಹುದು: ಪಟ್ಟಿಯ ಆ ಕಡೆ ತೆಳುವಾಗಿರುವುದು, ಮತ್ತು ಆ ತುದಿ ಓಟಿಜಿಯ ಗೋಡೆಗೋ ಕಾಯಿಲ್‌ಗೋ ಹತ್ತಿರವಾಗಿರುವುದು. ನಡುವಿನ ಹಂತದಲ್ಲಿ ಟ್ರೇ ಇಟ್ಟು, ಕೆಳಗಿನ ಕಾಯಿಲ್ ಮಾತ್ರ ಉರಿಸಿ, ಅರ್ಧ ಹೊತ್ತಿಗೆ ಟ್ರೇಯನ್ನು ಹಿಂದುಮುಂದಾಗಿ ತಿರುಗಿಸಿ. ತೆಳು ತುದಿಯ ಎರಡು ಎಲುಬುಗಳನ್ನು ಮೊದಲೇ ಕೊಯ್ದು ಬೇರೆ ಪೊಟ್ಟಣ ಕಟ್ಟಿದರೂ ಆಗುತ್ತದೆ. ಸಣ್ಣ ಓವನ್ನುಗಳಲ್ಲಿ ಗುಂಡಿಯ ಮೇಲೆ ಬರೆದ ಉಷ್ಣತೆಗೂ ಒಳಗಿರುವುದಕ್ಕೂ 20 ಡಿಗ್ರಿ ವ್ಯತ್ಯಾಸವಿರುವುದು ಅಪರೂಪವೇನಲ್ಲ. ಜಾಲರಿಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದನ್ನು ಕೊಂಡರೆ ಕೇಕಿಗೂ ಉಪಯೋಗವಾಗುತ್ತದೆ. ಫ್ಯಾನ್ ಇದ್ದು ಅದನ್ನು ಹಾಕುವುದಾದರೆ 20 ಡಿಗ್ರಿ ಇಳಿಸಿ.

ಬಿಳಿಚಿಕೊಂಡದ್ದು ನಿಮ್ಮಿಂದಲ್ಲ, ಕೊನೆಯ ಹಂತವನ್ನು ನಾನು ಮೊದಲೇ ಬರೆಯಬೇಕಿತ್ತು. ಮುಚ್ಚಿ ಬೇಯಿಸಿದ ಮಾಂಸಕ್ಕೆ ಬಣ್ಣ ಬರುವುದು ತೆರೆದ ಮೇಲೆಯೇ. ಪೊಟ್ಟಣ ಬಿಚ್ಚಿ, ಒಳಗಿನ ರಸವನ್ನು ಜೋಪಾನವಾಗಿ ಬಾಣಲೆಗೆ ಬಗ್ಗಿಸಿ, ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆಯಿರಿ. ಆ ರಸಕ್ಕೆ ಒಂದೂವರೆ ಚಮಚ ಬೆಲ್ಲ, ಹುರಿದು ಪುಡಿಮಾಡಿದ ಜೀರಿಗೆ ಮತ್ತು ಕಾಳುಮೆಣಸು, ಅರ್ಧ ಚಮಚ ಕಾಚಂಪುಳಿ ಹಾಕಿ, ಸೌಟಿನ ಹಿಂಬದಿಗೆ ಅಂಟುವಷ್ಟು ಗಟ್ಟಿಯಾಗುವವರೆಗೆ ಕುದಿಸಿ. ಕಾಚಂಪುಳಿ ತುಂಬಾ ತೀಕ್ಷ್ಣ, ಚಮಚ ತುಂಬ ಸುರಿಯಬೇಡಿ. ಅದು ಸಿಗದಿದ್ದರೆ ಒಂದು ಚಮಚ ವಿನೆಗರ್ ಆಗಬಹುದು. ಪಕ್ಕೆಯ ಮೇಲ್ಮೈಯ ನೀರಂಶವನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆದು, ಈ ಸಾಸನ್ನು ತೆಳುವಾಗಿ ಸವರಿ, 220 ಡಿಗ್ರಿಯಲ್ಲಿ ಮೇಲಿನ ಕಾಯಿಲ್ ಉರಿಸಿ ಐದೈದು ನಿಮಿಷಕ್ಕೊಮ್ಮೆ ಮತ್ತೊಂದು ಪದರ ಸವರುತ್ತಾ 10ರಿಂದ 15 ನಿಮಿಷ ಇಡಿ. ಬೆಲ್ಲವಿರುವುದರಿಂದ ಕೊನೆಯ ನಿಮಿಷಗಳಲ್ಲಿ ಓವನ್ನಿನ ಮುಂದಿನಿಂದ ಕದಲಬೇಡಿ.

ನೆಂಟರು ಬರುವ ದಿನವಾದರೆ ಸುತ್ತಿ ಬೇಯಿಸುವ ಭಾಗವನ್ನು ಹಿಂದಿನ ದಿನವೇ ಮುಗಿಸಿ, ಪೊಟ್ಟಣ ಬಿಚ್ಚದೆ ಬೇಗ ತಣಿಸಿ ಫ್ರಿಜ್‌ನಲ್ಲಿಡಬಹುದು. ತಣಿದ ಪಟ್ಟಿ ಗಟ್ಟಿಯಾಗಿ ನಿಲ್ಲುವುದರಿಂದ ಎತ್ತುವಾಗ ಮುರಿಯುವುದಿಲ್ಲ, ಕೊಬ್ಬೂ ಹೆಪ್ಪುಗಟ್ಟಿ ಸುಲಭವಾಗಿ ಬೇರೆಯಾಗುತ್ತದೆ. ಮರುದಿನ ಮುಚ್ಚಿದಂತೆಯೇ 150 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿಮಾಡಿ, ಆಮೇಲೆ ಸಾಸ್ ಸವರಿ.