ಅರ್ಜಿಯಲ್ಲಿ ಮೊಬೈಲ್ ಎನ್ನಬೇಕೆ, ಸೆಲ್ ಎನ್ನಬೇಕೆ, ಜಂಗಮವಾಣಿ ಎನ್ನಬೇಕೆ?

ತೀರ್ಥಹಳ್ಳಿ ಓದುಗ: ನಮ್ಮ ಓದುಗರ ಬಳಗದ ಸದಸ್ಯತ್ವ ಅರ್ಜಿಯನ್ನು ಹೊಸದಾಗಿ ಅಚ್ಚು ಹಾಕಿಸುತ್ತಿದ್ದೇವೆ. ಹಳೆಯದರಲ್ಲಿ ‘ಸೆಲ್’ ಎಂದಿತ್ತು. ಅದನ್ನು ‘ಜಂಗಮವಾಣಿ’ ಮಾಡಬೇಕೆಂಬುದು ನನ್ನ ಆಸೆ. ಸ್ಥಾವರ, ಜಂಗಮ ಎಂಬ ಮಾತು ವಚನಗಳ ಕಾಲದಿಂದ ನಮ್ಮದು. ಒಂದೆಡೆ ನಿಲ್ಲದೆ ಓಡಾಡುವ ಫೋನಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದಿದೆ?

ಕೋಲಾರದ ಮೇಷ್ಟ್ರು: ಹೆಸರು ಸೊಗಸಾಗಿದೆ, ಸರ್. ಆದರೆ ‘ಜಂಗಮವಾಣಿ’ ಎಂದಿದ್ದ ಸಾಲಿನ ಮುಂದೆ ಹಿರಿಯರೊಬ್ಬರು ಪೆನ್ನು ಹಿಡಿದು, “ಇಲ್ಲಿ ಏನು ಬರೆಯಲಿ?” ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ತೆಲುಗು, ತಮಿಳಿನ ಒಡನಾಟದಿಂದ ನಮ್ಮ ಕಡೆ ‘ಸೆಲ್’ ಎಲ್ಲರಿಗೂ ಗೊತ್ತು. ಅದೇ ಇರಲಿ.

ಗದಗಿನವಳು: ಮಾಸ್ತರರೇ, ನಮ್ಮಲ್ಲಿ ಸೆಲ್ ಎಂದರೆ ಟಾರ್ಚಿಗೂ ಗೋಡೆ ಗಡಿಯಾರಕ್ಕೂ ಹಾಕುವಂಥದ್ದು. ‘ಸೆಲ್ ಹೋಗಿದೆ’ ಎಂದರೆ ಯಾರೂ ಫೋನ್ ಹುಡುಕುವುದಿಲ್ಲ, ಅಂಗಡಿಗೆ ಹೋಗುತ್ತಾರೆ.

ಟವರ್ ಕೆಲಸದವನು: ಅಸಲಿಗೆ ಸೆಲ್ ಎಂಬುದು ಫೋನಿನ ಹೆಸರಲ್ಲ, ಜಾಗದ ಹೆಸರು. ಊರನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚುತ್ತೇವೆ. ನಕ್ಷೆಯಲ್ಲಿ ಆರು ಮೂಲೆಯ ಮನೆಗಳಂತೆ ಬರೆಯುವ ಆ ವಲಯವೇ ಸೆಲ್. ಒಂದು ವಲಯದ ತರಂಗಾಂತರವನ್ನು ಸ್ವಲ್ಪ ದೂರದ ಇನ್ನೊಂದರಲ್ಲಿ ಮತ್ತೆ ಬಳಸಬಹುದಾದ್ದರಿಂದಲೇ ಇಷ್ಟು ಜನ ಒಟ್ಟಿಗೆ ಮಾತನಾಡಲು ಸಾಧ್ಯವಾಗಿದೆ. ನೀವು ಬಸ್ಸಿನಲ್ಲಿ ಹೋಗುತ್ತಾ ಮಾತನಾಡುವಾಗ ಒಂದು ವಲಯ ನಿಮ್ಮ ಕರೆಯನ್ನು ಮುಂದಿನದಕ್ಕೆ ಒಪ್ಪಿಸುತ್ತದೆ. ಅಮೆರಿಕದ ಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಇದನ್ನು 1947ರಲ್ಲೇ ಯೋಚಿಸಿದ್ದರು. ಮೊಟೊರೊಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಿಂದ ಕೈಯಲ್ಲಿ ಹಿಡಿದ ಫೋನಿನಲ್ಲಿ ಮಾತನಾಡಿದ್ದು 1973ರ ಏಪ್ರಿಲ್ 3ರಂದು. ಅಮೆರಿಕದವರಿಗೆ ‘ಸೆಲ್’ ರೂಢಿಯಾಯಿತು, ಬ್ರಿಟನ್ನಿನವರಿಗೆ ‘ಮೊಬೈಲ್’.

ಕೋಲಾರದ ಮೇಷ್ಟ್ರು: ಹಾಗಾದರೆ ಬರೀ ‘ಫೋನ್’ ಎಂದು ಹಾಕಿದರೆ ಜಗಳವೇ ಇಲ್ಲವಲ್ಲ?

ಗದಗಿನವಳು: ಎರಡೂ ಒಂದೇ ಅಲ್ಲ. ‘ಫೋನ್ ಬಂತು’ ಎಂದರೆ ಯಾರೋ ಕರೆ ಮಾಡಿದ್ದಾರೆ. ‘ಮೊಬೈಲ್ ಬಂತು’ ಎಂದರೆ ಹೊಸದು ಕೊಂಡದ್ದು ಮನೆಗೆ ಬಂದಿದೆ. ‘ಫೋನ್ ಮಾಡು’ ಎನ್ನುತ್ತೇವೆ, ‘ಮೊಬೈಲ್ ಮಾಡು’ ಎನ್ನುವುದಿಲ್ಲ. ಯಾವ ಪಂಡಿತರ ಸಮಿತಿಯೂ ಕೂತು ತೀರ್ಮಾನಿಸಿದ್ದಲ್ಲ ಇದು, ಜನರೇ ಮಾಡಿಕೊಂಡ ವ್ಯವಸ್ಥೆ. ಇದನ್ನು ಕನ್ನಡವಲ್ಲ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಟವರ್ ಕೆಲಸದವನು: ಇನ್ನೊಂದು ಕಾರಣವೂ ಇದೆ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಸಚಿವ ಸುಖ್ ರಾಂ ಅವರೊಡನೆ ಮಾತನಾಡಿದಾಗ ದೇಶದಲ್ಲಿ ಮೊಬೈಲ್ ಸೇವೆ ಶುರುವಾಯಿತು. ಆಮೇಲೆ 2003ರವರೆಗೂ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಆಗ ಮನೆಯ ಫೋನಿನ ಸಂಖ್ಯೆ ಕೊಡುವುದೇ ಕ್ಷೇಮವಾಗಿತ್ತು. ಈಗ ‘ನೀವು ಕೇಳಿದ ಪುಸ್ತಕ ಬಂದಿದೆ’ ಎಂಬ ಸಂದೇಶ ಕಳುಹಿಸಬೇಕಾದರೆ ಮೊಬೈಲ್ ಸಂಖ್ಯೆಯೇ ಬೇಕು. ಬರೀ ‘ಫೋನ್’ ಎಂದರೆ ಕೆಲವರು ಮನೆಯದ್ದನ್ನೇ ಬರೆದುಕೊಡುತ್ತಾರೆ.

ತೀರ್ಥಹಳ್ಳಿ ಓದುಗ: ಸಂದೇಶದ ಮಾತು ಸರಿ. ಅರ್ಜಿಯಲ್ಲಿ ‘ಮೊಬೈಲ್ ಸಂಖ್ಯೆ’ ಎಂದೇ ಹಾಕಿಸುತ್ತೇನೆ. ಬಳಗದ ವಾರ್ಷಿಕ ಸಂಚಿಕೆಯಲ್ಲಿ ಮಾತ್ರ ‘ಜಂಗಮವಾಣಿ’ಯನ್ನು ಬಿಟ್ಟುಕೊಡುವುದಿಲ್ಲ.